ಡಯಾಲಿಸಿಸ್: ಯಂತ್ರದ ದಾರಿ, ಹೊಟ್ಟೆಯ ದಾರಿ

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಮೂತ್ರವಾಗಿ ಹೊರಬೀಳುವುದು ಒಂದೆರಡು ಲೀಟರ್ ಮಾತ್ರ. ಉಳಿದದ್ದು ರಕ್ತಕ್ಕೇ ಮರಳುತ್ತದೆ. ಈ ಕೆಲಸ ನಿಂತರೆ ಯೂರಿಯಾ, ಪೊಟ್ಯಾಸಿಯಂ, ನೀರು ಮೈಯಲ್ಲೇ ತುಂಬಿಕೊಳ್ಳುತ್ತವೆ. ಅವನ್ನು ತೆಗೆಯುವ ಚಿಕಿತ್ಸೆಯೇ ಡಯಾಲಿಸಿಸ್.

ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡುವಂತಿಲ್ಲ ಎಂಬ ಭಯದಿಂದ ಚಿಕಿತ್ಸೆಯನ್ನೇ ಮುಂದೂಡುವವರಿದ್ದಾರೆ. ಮಲೆನಾಡಿನಲ್ಲಿ ಈ ಭಯ ವಿಶೇಷವಾಗಿ ಅಪಾಯಕಾರಿ. ಕಾಫಿ ತೋಟದಲ್ಲಿ ಕೊಳಕುಮಂಡಲ ಕಚ್ಚಿದಾಗ, ಗದ್ದೆಯ ಕೆಸರಿನಿಂದ ಇಲಿಜ್ವರ ತಗುಲಿದಾಗ ಮೂತ್ರಪಿಂಡ ಏಕಾಏಕಿ ಕೆಲಸ ನಿಲ್ಲಿಸಬಹುದು. ಇಂಥವರಲ್ಲಿ ಅನೇಕರಿಗೆ ಕೆಲವು ವಾರಗಳ ಡಯಾಲಿಸಿಸ್ ಸಾಕು. ಮೂತ್ರಪಿಂಡ ಚೇತರಿಸಿಕೊಂಡ ಮೇಲೆ ಯಂತ್ರ ಬೇಕಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ.ಯಿಂದ ವರ್ಷಗಟ್ಟಲೆ ಸವೆದು ಪೂರ್ತಿ ಸೋತ ಮೂತ್ರಪಿಂಡಕ್ಕೆ ಮಾತ್ರ ಚಿಕಿತ್ಸೆ ಮುಂದುವರಿಯಲೇಬೇಕು.

ಹೀಮೋಡಯಾಲಿಸಿಸ್‌ನಲ್ಲಿ ರಕ್ತ ಯಂತ್ರದ ಸೋಸುಕದಲ್ಲಿ ಹಾದು ಮೈಗೆ ಮರಳುತ್ತದೆ. ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ. ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು, ಕರೆಂಟು ಕೈಕೊಡಬಾರದು. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಇದನ್ನು ಉಚಿತವಾಗಿ ಒದಗಿಸುವ ಉದ್ದೇಶದ್ದು. ಕರ್ನಾಟಕ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಿಗೂ ಸೇವೆ ವಿಸ್ತರಿಸಿದೆ. ಆದರೆ ಹೆತ್ತೂರು, ಯಸಳೂರು ಕಡೆಯ ಹಳ್ಳಿಗಳಿಂದ ವಾರಕ್ಕೆ ಮೂರು ಸಲ ಮಳೆಗಾಲದ ರಸ್ತೆಯಲ್ಲಿ ಸಕಲೇಶಪುರಕ್ಕೋ ಹಾಸನಕ್ಕೋ ಬರುವುದು ಸುಲಭವಲ್ಲ. ಜೊತೆಗೆ ಬಂದವರ ಆ ದಿನದ ಕೂಲಿಯೂ ಹೋಗುತ್ತದೆ.

ಅದಕ್ಕೇ ಹೊಟ್ಟೆಯ ಡಯಾಲಿಸಿಸ್, ಅಂದರೆ ಸಿ.ಎ.ಪಿ.ಡಿ., ಇಲ್ಲಿ ಹೆಚ್ಚು ಗಮನಕ್ಕೆ ಅರ್ಹ. ಕರುಳನ್ನು ಆವರಿಸಿದ ತೆಳು ಪೊರೆಯೇ ಇಲ್ಲಿ ಸೋಸುಕ. ಮೆತ್ತನೆಯ ನಳಿಕೆಯ ಮೂಲಕ ಸುಮಾರು ಎರಡು ಲೀಟರ್ ದ್ರಾವಣವನ್ನು ಹೊಟ್ಟೆಯೊಳಕ್ಕೆ ಬಿಡುತ್ತಾರೆ. ರಕ್ತದ ಕಲ್ಮಶ ಪೊರೆ ದಾಟಿ ಅದಕ್ಕಿಳಿಯುತ್ತದೆ. ಹೆಚ್ಚಿನ ನೀರು ಹೊರಬರುವುದು ದ್ರಾವಣದ ಗ್ಲೂಕೋಸ್‌ನ ಸೆಳೆತದಿಂದ: ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುವುದೂ ಇದೇ ನಿಯಮದಿಂದ. ಮೈಯ ಪೊರೆಯೊಂದನ್ನೇ ಹೀಗೆ ದುಡಿಸಿಕೊಳ್ಳುವುದು ವೈದ್ಯವಿಜ್ಞಾನದ ಅತ್ಯಂತ ಸೊಗಸಾದ ಉಪಾಯಗಳಲ್ಲೊಂದು. ಕೆಲವು ಗಂಟೆಗಳ ಬಳಿಕ ದ್ರವವನ್ನು ಹೊರಬಿಟ್ಟು ಹೊಸದನ್ನು ತುಂಬಬೇಕು. ಇದು ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿ ಸಲ ಅರ್ಧ ಗಂಟೆಯ ಕೆಲಸ. ಯಂತ್ರ ಬೇಡ, ಕರೆಂಟು ಬೇಡ. ಕೈ ಮತ್ತು ಕೋಣೆಯ ಸ್ವಚ್ಛತೆಯಲ್ಲಿ ಮಾತ್ರ ರಿಯಾಯಿತಿಯಿಲ್ಲ. ಹೊರಬಂದ ದ್ರವ ಮಬ್ಬಾಗಿದ್ದರೆ ಪೊರೆಗೆ ಸೋಂಕು ತಗುಲಿರಬಹುದು. ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

2019ರಲ್ಲಿ ಕೇಂದ್ರ ಸರ್ಕಾರ ಈ ವಿಧಾನಕ್ಕೂ ಮಾರ್ಗಸೂಚಿ ಹೊರಡಿಸಿತು. ಕಾಫಿ ತೋಟದ ಲೈನ್ ಮನೆಗಳಲ್ಲಿ ತೇವವಿಲ್ಲದ ಮೂಲೆ ಸಿಗುತ್ತದೆಯೇ, ಆಷಾಢದ ಮಳೆಯಲ್ಲಿ ದ್ರಾವಣದ ಚೀಲಗಳು ಸಮಯಕ್ಕೆ ತಲುಪುತ್ತವೆಯೇ ಎಂಬುದನ್ನು ಊರೂರಿಗೆ ಹೋಗಿ ಅಧ್ಯಯನ ಮಾಡಬೇಕಿದೆ.

ಮೂತ್ರಪಿಂಡ ಕಸಿ ಸಾಧ್ಯವಾದವರಿಗೆ ಅದೇ ಉತ್ತಮ. ಯಂತ್ರದ ದಾರಿ ಹಿಡಿಯುವವರಿಗೆ ತೋಳಿನಲ್ಲಿ ಅಪಧಮನಿ ಮತ್ತು ಅಭಿಧಮನಿ ಜೋಡಿಸುವ ಫಿಸ್ಟುಲಾ ಶಸ್ತ್ರಕ್ರಿಯೆ ಆಗಬೇಕು. ಅದು ಬಳಕೆಗೆ ಬರಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಹಾಗಾಗಿ ಕಾಯಿಲೆ ಬೆಳೆಯುತ್ತಿರುವಾಗಲೇ ದಾರಿ ಆರಿಸಿಕೊಂಡು, ಆ ತೋಳಿಗೆ ಸೂಜಿ ಚುಚ್ಚದಂತೆ ಕಾಪಾಡಿಕೊಳ್ಳಬೇಕು.