ತಾರಸಿಯ ಮೇಲಿನ ವಲಸೆದಾರಿ

ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದ ಮೇಲೆ, ಮೇ ತಿಂಗಳ ಒಂದು ಬೆಳಗ್ಗೆ ಬೆಂಗಳೂರಿನ ಜೆ.ಪಿ. ನಗರದ ಯಾವುದಾದರೂ ತಾರಸಿ ಹತ್ತಿ ನಿಲ್ಲಿ. ನೀರಿನ ಟ್ಯಾಂಕಿಗೂ ಪಕ್ಕದ ಮನೆಯ ತೆಂಗಿನ ಮರಕ್ಕೂ ನಡುವೆ ಒಂದು ಕಪ್ಪು ಚಿಟ್ಟೆ ಹಾದುಹೋಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದರ ಹಿಂದೆಯೇ ಮೂರು. ಹೂಕುಂಡಗಳ ಕಡೆ ಅವು ಇಳಿಯುವುದಿಲ್ಲ. ಕಟ್ಟಡ ಅಡ್ಡ ಬಂದರೆ ಏರಿ ದಾಟಿ ಮತ್ತೆ ಅದೇ ದಿಕ್ಕು ಹಿಡಿಯುತ್ತವೆ. ಎಲ್ಲವೂ ಹೊರಟಿರುವುದು ಹೆಚ್ಚುಕಡಿಮೆ ಪೂರ್ವಕ್ಕೆ. ಹೀಗೆ ಒಂದೇ ದಿಕ್ಕು ಹಿಡಿದು ಸಾಗುವುದೇ ವಲಸೆಯ ಗುರುತು.

ಎಲ್ಲಿಂದ ಎಲ್ಲಿಗೆ?

ಈ ಪಯಣದಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಚಿಟ್ಟೆಗಳಿವೆ: ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ, ಡಬಲ್ ಬ್ರ್ಯಾಂಡೆಡ್ ಕ್ರೋ. ಮುಂಗಾರು ಪಶ್ಚಿಮ ಘಟ್ಟಕ್ಕೆ ಬಡಿಯುವ ಮುನ್ನ ಅವು ಅಲ್ಲಿಂದ ಹೊರಟು, ಬಯಲುಸೀಮೆ ದಾಟಿ, ಪೂರ್ವಘಟ್ಟದ ಕಡೆ ಸಾಗುತ್ತವೆ. ಮಳೆಗಾಲ ಮುಗಿಯುತ್ತಾ ಬಂದಾಗ, ಅಕ್ಟೋಬರ್–ನವೆಂಬರ್ ಸುಮಾರಿಗೆ, ಮರುಪಯಣ. ಘಟ್ಟದ ಜಡಿಮಳೆಯಿಂದ ಪಾರಾಗಲು ಹೀಗೆ ಮಾಡುತ್ತವೆ ಎಂಬುದು ಅಧ್ಯಯನ ಮಾಡಿದವರ ವಿವರಣೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಈ ವಲಸೆಯನ್ನು ಅಭ್ಯಾಸ ಮಾಡಿ 2005ರಲ್ಲಿ ಬರೆದಿದ್ದಾರೆ. ಎರಡು ಘಟ್ಟಗಳ ನಡುವಿನ ಪ್ರಸ್ಥಭೂಮಿಯಲ್ಲಿರುವ ನಮ್ಮ ಊರು ಈ ದಾರಿಯ ಮೇಲೆಯೇ ಇದೆ.

ಖಾಲಿ ಸೈಟಿನ ಅತಿಥಿಗಳು

ದಾರಿಯಲ್ಲಿ ಅವು ತಂಗುತ್ತವೆ. ಬನಶಂಕರಿಯ ಕಡೆಯ ಖಾಲಿ ಸೈಟುಗಳಲ್ಲಿ ಗಿಲಿಗಿಚ್ಚಿ ಗಿಡ ಬೆಳೆದಿದ್ದರೆ ಬಗ್ಗಿ ನೋಡಿ. ಒಣಗಿದ ಕಾಯಿ ಅಲುಗಿಸಿದರೆ ಗಿಲಿಗಿಲಿ ಎನ್ನುವ ಗಿಡ ಅದು. ಹೂವನ್ನು ಬಿಟ್ಟು, ಬಾಡಿದ ಎಲೆ, ಗಾಯವಾದ ಕಾಂಡಕ್ಕೆ ಚಿಟ್ಟೆಗಳು ಮುತ್ತಿಕೊಂಡಿರುತ್ತವೆ. ಹೆಚ್ಚಿನವು ಗಂಡು. ಗಿಡದ ರಸದಲ್ಲಿರುವ ಕ್ಷಾರವಸ್ತುವಿನಿಂದ ಅವು ಹೆಣ್ಣನ್ನು ಸೆಳೆಯುವ ಗಂಧ ತಯಾರಿಸಿಕೊಳ್ಳುತ್ತವೆ. ಅದೇ ವಸ್ತು ಅವುಗಳ ಮೈಯನ್ನು ಹಕ್ಕಿಗಳ ಬಾಯಿಗೆ ಕಹಿಯಾಗಿಸುತ್ತದೆ.

ಕಣ್ಣನ್ನು ಹತ್ತಿರ ಒಯ್ಯಿರಿ. ಬ್ಲೂ ಟೈಗರ್‌ನ ಕಪ್ಪು ರೆಕ್ಕೆಯ ಮೇಲಿನ ತಿಳಿನೀಲಿ ಪಟ್ಟೆಗಳ ಮೂಲಕ ಬೆಳಕು ಅರೆಬರೆ ತೂರಿ ಬರುತ್ತದೆ. ಕಾಲುಗಳನ್ನು ಎಣಿಸಿದರೆ ನಾಲ್ಕೇ ಕಾಣುತ್ತವೆ. ಮುಂದಿನ ಜೋಡಿ ಕುಗ್ಗಿ ಎದೆಗೆ ಅಂಟಿಕೊಂಡಿದೆ. ಇವುಗಳ ಚಿತ್ರ ತೆಗೆಯಲು ದುಬಾರಿ ಲೆನ್ಸ್ ಬೇಕಿಲ್ಲ. ಬೆಳಗ್ಗೆ ಬಿಸಿಲೇರುವ ಮುನ್ನ ಹೋಗಿ. ಮೈ ಬೆಚ್ಚಗಾಗುವವರೆಗೆ ಅವು ಸುಲಭವಾಗಿ ಹಾರುವುದಿಲ್ಲ. ರೆಕ್ಕೆಯ ಅಗಲಕ್ಕೆ ಕ್ಯಾಮೆರಾವನ್ನು ಸಮಾನಾಂತರವಾಗಿ ಹಿಡಿದರೆ ರೆಕ್ಕೆಯ ತುದಿಯಿಂದ ಬುಡದವರೆಗೆ ಸ್ಪಷ್ಟವಾಗಿ ಮೂಡುತ್ತದೆ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಕೂತುಕೊಳ್ಳಿ.

ಹೋಗುವುದನ್ನು ತೆಗೆಯುವುದು ಹೇಗೆ?

ಕೂತ ಚಿಟ್ಟೆಯ ಚಿತ್ರ ಎಷ್ಟೇ ಚೆನ್ನಾಗಿರಲಿ, ಅದು ವಲಸೆ ಹೊರಟಿದೆ ಎಂಬುದನ್ನು ಅದೊಂದೇ ಹೇಳಲಾರದು. ಅದಕ್ಕೊಂದು ಸರಳ ಉಪಾಯವಿದೆ. ಮೊಬೈಲನ್ನು ಟ್ರೈಪಾಡಿಗೆ ಕಟ್ಟಿ, ಟ್ಯಾಂಕಿಗೂ ತೆಂಗಿನ ಮರಕ್ಕೂ ನಡುವಿನ ಜಾಗಕ್ಕೆ ಗುರಿ ಇಟ್ಟು, ಹದಿನೈದು ನಿಮಿಷ ವಿಡಿಯೊ ಮಾಡಿ. ಆಮೇಲೆ ಎಡದಿಂದ ಬಲಕ್ಕೆ ಎಷ್ಟು ದಾಟಿದವು, ಬಲದಿಂದ ಎಡಕ್ಕೆ ಎಷ್ಟು ಎಂದು ಎಣಿಸಿ. ನಾಳೆಯೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಹಾಗೆಯೇ ಮಾಡಿ. ನಾಲ್ಕು ದಿನ ಕಳೆಯುವಷ್ಟರಲ್ಲಿ ಹರಿವು ಏರುವುದೂ ಇಳಿಯುವುದೂ ನಿಮ್ಮ ಕೈಗೇ ಸಿಗುತ್ತದೆ.

ಮಳೆಗಾಲದ ಕೊನೆಯಲ್ಲಿ ಆಟದ ಮೈದಾನಗಳ ಮೇಲೆ ಗುಂಪಾಗಿ ಸುಳಿಯುವ ಏರೋಪ್ಲೇನ್ ಚಿಟ್ಟೆಗಳಿಗೂ ಇದೇ ಉಪಾಯ ಸಾಕು. ಅವುಗಳಲ್ಲಿ ಪ್ಯಾಂಟಾಲ ಎಂಬ ಬಗೆಯದು ಒಂದು ಗ್ರಾಂ ಕೂಡ ತೂಗುವುದಿಲ್ಲ. ಆದರೂ ಗಾಳಿಯ ಬೆನ್ನೇರಿ ಭಾರತದಿಂದ ಮಾಲ್ಡೀವ್ಸ್ ಮೂಲಕ ಪೂರ್ವ ಆಫ್ರಿಕಾದವರೆಗೆ ಕಡಲು ದಾಟುತ್ತದೆ ಎಂದು ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ವಾದಿಸಿದರು.

ದಣಿದು ಬಂದವರ ಮರ್ಯಾದೆ

ವಲಸೆ ಹಕ್ಕಿಗಳಲ್ಲಿ ಅನೇಕವು ರಾತ್ರಿಯ ಪ್ರಯಾಣಿಕರು. ಉತ್ತರದಿಂದ ಅಕ್ಟೋಬರ್ ಸುಮಾರಿಗೆ ಬರುವ ನವರಂಗ ಕೆಲವೊಮ್ಮೆ ದಣಿದು ಮನೆಯಂಗಳಕ್ಕೇ ಬಂದಿಳಿಯುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ದಾರಿಬುತ್ತಿ. ನಾವು ಒಂದು ಸಲ ಬೆದರಿಸಿ ಹಾರಿಸಿದರೆ ಆ ಬುತ್ತಿಯಲ್ಲಿ ಒಂದು ತುತ್ತು ಕಳೆಯಿತು. ಫ್ಲ್ಯಾಶ್, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಪೊದೆ ಅಲುಗಿಸುವುದು ಬೇಡ.

ಬೆಂಗಳೂರು ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್ ಅವರಂಥ ದೊಡ್ಡ ವನ್ಯಜೀವಿ ಛಾಯಾಗ್ರಾಹಕರ ಊರು. ಅವರ ಕಾಲದಲ್ಲಿ ಮರೆ ಕಟ್ಟಿ ಗೂಡಿನ ಹತ್ತಿರ ಕಾದು ಚಿತ್ರ ತೆಗೆಯುವುದು ರೂಢಿಯಾಗಿತ್ತು. ಇಂದು ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಆ ಹಿರಿಯರ ಕಾಯುವ ತಾಳ್ಮೆಯನ್ನು ಉಳಿಸಿಕೊಂಡು, ಹಕ್ಕಿಯಿಂದ ಇನ್ನಷ್ಟು ದೂರ ನಿಲ್ಲುವುದನ್ನು ನಾವು ಕಲಿಯಬೇಕು.

ತಾರೀಖೂ ಚಿತ್ರದ ಭಾಗ

2007ರಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಿಂದ ಮೈಗ್ರಂಟ್‌ವಾಚ್ ಎಂಬ ಯೋಜನೆ ಶುರುವಾಯಿತು. ವಲಸೆ ಹಕ್ಕಿಯನ್ನು ಆ ವರ್ಷ ಮೊದಲು ಕಂಡ ದಿನ ಯಾವುದು, ಕೊನೆಗೆ ಕಂಡದ್ದು ಯಾವಾಗ ಎಂದು ಅದು ಸಾಮಾನ್ಯ ಜನರನ್ನು ಕೇಳಿತು. ನಿಮ್ಮ ಕ್ಯಾಮೆರಾದಲ್ಲಿ ಆ ಉತ್ತರ ತಾನಾಗಿಯೇ ದಾಖಲಾಗುತ್ತದೆ. ತಾರೀಖು, ಸಮಯ ಸರಿಯಾಗಿದೆಯೇ ನೋಡಿಕೊಳ್ಳಿ. ಜಾಗದ ಹೆಸರು ಬರೆದಿಡಿ. ಚಿತ್ರ ಮಸುಕಾಗಿದ್ದರೂ ಅಳಿಸಬೇಡಿ.

ಹತ್ತಿರದ ಒಂದು ಜಾಗ ಆರಿಸಿಕೊಳ್ಳಿ: ಲಾಲ್‌ಬಾಗ್ ಕೆರೆಯ ಅಂಚು, ಮಡಿವಾಳ ಕೆರೆ, ಪುಟ್ಟೇನಹಳ್ಳಿ ಕೆರೆ. ಆಗಸ್ಟ್ ಕೊನೆಯಿಂದ ಅಲ್ಲಿ ಹಳದಿ ಹೊಟ್ಟೆಯ, ಬಾಲ ಕುಣಿಸುತ್ತಾ ನಡೆಯುವ ಬೂದು ಸಿಪಿಲೆಗಾಗಿ ಕಾಯಿರಿ. ಹಿಮಾಲಯದಿಂದಲೋ ಅದಕ್ಕೂ ಆಚೆಯಿಂದಲೋ ಬಂದ ಹಕ್ಕಿ ಅದು. ಬಂದ ದಿನ ಒಂದು ಚಿತ್ರ ತೆಗೆಯಿರಿ, ಮಾರ್ಚ್–ಏಪ್ರಿಲಿನಲ್ಲಿ ಕೊನೆಗೆ ಕಂಡ ದಿನ ಇನ್ನೊಂದು. ಮುಂದಿನ ವರ್ಷವೂ ಹೀಗೆಯೇ. ಒಂದೊಂದೇ ನೋಡಿದರೆ ಅವು ಕೆಸರಿನಂಚಿನಲ್ಲಿ ನಿಂತ ಹಕ್ಕಿಯ ಚಿತ್ರಗಳು. ತಾರೀಖಿನೊಂದಿಗೆ ಸಾಲಾಗಿ ಜೋಡಿಸಿದ ದಿನ, ಆ ಹಕ್ಕಿ ಹೋಗಿ ಬರುವುದು ನಿಮ್ಮ ಕಣ್ಣಿಗೆ ಕಾಣುತ್ತದೆ.