ವೀಣೆಗೆ ಮೇಳ ಕಟ್ಟುವುದು

ಮೇಳ ಕಟ್ಟುವುದು ಎಂದರೆ ಸರಸ್ವತಿ ವೀಣೆಯ ದಂಡಿಯ ಮೇಲೆ ಮೇಣದ ನೆರವಿನಿಂದ ಮೆಟ್ಟಿಲುಗಳನ್ನು ಕೂರಿಸುವ ಕ್ರಮ. ಕರ್ನಾಟಕದಲ್ಲಿ ಮೈಸೂರು ವೀಣಾವಾದನಕ್ಕೆ ಪ್ರಸಿದ್ಧವಾಗಿದ್ದು, ವೀಣೆ ಶೇಷಣ್ಣನವರು (1852–1926) ಆ ಪರಂಪರೆಯ ಪ್ರಮುಖ ವಾದಕರಾಗಿದ್ದರು.

ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ದಂಡಿಯ ಉದ್ದಕ್ಕೂ ಎರಡು ಏಣುಗಳನ್ನು ಕಟ್ಟಲಾಗುತ್ತದೆ. ಅವುಗಳ ಮೇಲೆ 24 ಲೋಹದ ಮೆಟ್ಟಿಲುಗಳನ್ನು ಅಡ್ಡಲಾಗಿ ಇರಿಸಿ, ಪ್ರತಿಯೊಂದರ ಸ್ವರಸ್ಥಾನವನ್ನು ಕಿವಿಯಿಂದಲೇ ನಿರ್ಧರಿಸುತ್ತಾರೆ. ಆದುದರಿಂದ ಈ ಕೆಲಸಕ್ಕೆ ಕೈಚಳಕದಷ್ಟೇ ಸ್ವರಜ್ಞಾನವೂ ಅಗತ್ಯ.

ಗಿಟಾರಿನ ಮೆಟ್ಟಿಲುಗಳನ್ನು ಮರದಲ್ಲಿ ಕೊರೆದ ಗೀರುಗಳೊಳಗೆ ಬಿಗಿಯಾಗಿ ಕೂರಿಸಿರುವುದರಿಂದ, ಅವನ್ನು ಕೀಳುವಾಗ ಮರದ ಚಕ್ಕೆ ಏಳುವ ಸಂಭವವಿದೆ. ವೀಣೆಯ ಮೆಟ್ಟಿಲುಗಳನ್ನು ಹಿಡಿದಿರುವುದು ಮೇಣ ಮಾತ್ರ; ಮೇಣವನ್ನು ಮೆದುಗೊಳಿಸಿ ಅವನ್ನು ಸರಿಸಬಹುದು ಅಥವಾ ತೆಗೆಯಬಹುದು. ಆದರೆ ಬಿಸಿಲಿನ ಝಳಕ್ಕೆ ಮೇಣ ಕರಗಿದರೆ ಮೆಟ್ಟಿಲು ಜರುಗಿ ಸ್ವರ ಕೆಡುತ್ತದೆ. ಹಳೆಯದಾದರೆ ಬಿರುಕು ಬಿಡುತ್ತದೆ. ಆಗ ಹಳೆಯ ಮೇಣವನ್ನು ತೆಗೆದು ಅದೇ ದಂಡಿಗೆ ಹೊಸದಾಗಿ ಮೇಳ ಕಟ್ಟಲಾಗುತ್ತದೆ.