ಜಾತ್ರೆ ಮುಗಿದ ಮೇಲೆ ಬಂಡಿ

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಸಾಗುವ ಕೊಲ್ಲಾರಿ ಬಂಡಿಗಳನ್ನು ನೋಡದವರು ಧಾರವಾಡದ ಸೀಮೆಯಲ್ಲಿ ವಿರಳ. ಬಿದಿರಿನ ಬಾಗುಗಳ ಮೇಲೆ ಚಾಪೆಯನ್ನೋ ತಾಡಪತ್ರಿಯನ್ನೋ ಹೊದಿಸಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹರವಿದರೆ ಅದು ಉರುಳುವ ಮನೆಯೇ ಸರಿ. ಗುಡ್ಡ ಮುಟ್ಟಿ ಎತ್ತುಗಳ ಕೊರಳು ಬಿಚ್ಚಿದ ಮೇಲೆ ಎರಡು ಮೂರು ರಾತ್ರಿ ಮುದುಕರು ಮಕ್ಕಳೆಲ್ಲ ಅದರೊಳಗೂ ಅದರಡಿಗೂ ಮಲಗುತ್ತಾರೆ. ಮೂರು ಕಲ್ಲಿಟ್ಟು ಅಡಿಗೆ, ಪಡ್ಡಲಗಿ ತುಂಬಿಸುವುದು, ಮತ್ತೆ ಮರಳುವ ದಾರಿ. ಊರಿಗೆ ಬಂದ ಬಂಡಿಯನ್ನು ಹಿತ್ತಿಲಿಗೆ ನೂಕಿದರೆ ಮುಗಿಯಿತು. ಮುಂದಿನ ಹುಣ್ಣಿಮೆಯವರೆಗೆ ಅದರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆ ಹತ್ತು ಹನ್ನೊಂದು ತಿಂಗಳುಗಳ ವಿಚಾರವೇ ಇಲ್ಲಿ ಹೇಳಬೇಕಾದುದು.

ಕಲಘಟಗಿ ತಾಲೂಕಿನ ದುಮ್ಮವಾಡವನ್ನೇ ತೆಗೆದುಕೊಳ್ಳೋಣ. ಹುಬ್ಬಳ್ಳಿಯವರಿಗೆ ನೀರಸಾಗರದ ನೆಪದಿಂದ ಈ ಕಡೆಯ ಪರಿಚಯ ಉಂಟು. ಇಂಥ ಊರುಗಳ ಎಷ್ಟೋ ಮನೆತನಗಳ ಒಂದು ಕಾಲು ಪೇಟೆಯಲ್ಲಿ, ಒಂದು ಕಾಲು ಹೊಲದಲ್ಲಿ. ಅಣ್ಣ ನೌಕರಿಯ ಮೇಲೆ ಧಾರವಾಡದಲ್ಲಿ, ತಮ್ಮ ಹುಬ್ಬಳ್ಳಿಯ ಅಂಗಡಿಯಲ್ಲಿ. ಹೊಲ ಲಾವಣಿಗೆ, ಮನೆಗೆ ಬೀಗ. ಬಂಡಿ ಮಾತ್ರ ಎಲ್ಲರದು, ಅಂದರೆ ಯಾರದೂ ಅಲ್ಲ. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲವೆಂಬ ಮಾತು ಬಂಡಿಗೂ ಒಪ್ಪುತ್ತದೆ.

ಓಡಿದ ಬಂಡಿ ಸವೆಯುತ್ತದೆ, ನಿಂತ ಬಂಡಿ ಉಳಿಯುತ್ತದೆ ಎಂದು ಜನ ತಿಳಿಯುವುದುಂಟು. ಬಂಡಿಯ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ವರುಷಕ್ಕೊಮ್ಮೆ ಮಾತ್ರ ಕಟ್ಟುವ ಸವಾರಿ ಬಂಡಿ ಕೆಡುವುದು ಹೆಚ್ಚಾಗಿ ನಿಂತಲ್ಲಿಯೇ. ಕಲಘಟಗಿಯ ಕಡೆ ಮಲೆನಾಡಿನ ಸೆರಗು. ಮಾರ್ಚಿಯಿಂದ ಮೇವರೆಗೆ ಒಣ ಬಿಸಿಲು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಮರವನ್ನು ಒಣಗಗೊಡುವುದಿಲ್ಲ. ಮರವು ತೇವ ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಬಹಳ. ಗಾಲಿಯ ಸುತ್ತಿನ ಬಾಗುಮರಗಳು ಅಡ್ಡಕ್ಕೆ ಕುಗ್ಗಿದರೆ ಅವುಗಳ ಮೇಲಿನ ಕಬ್ಬಿಣದ ಹಳಿ ಸಡಿಲವಾಗುತ್ತದೆ. ಅರಗಳ ಬೇರು ಕುಗ್ಗಿದರೆ ನಡುವಿನ ಗುಂಬದಲ್ಲಿ ಅವು ಅಲುಗುತ್ತವೆ. ಹೊರಗಿನಿಂದ ನೋಡಿದರೆ ಗಾಲಿ ನಿನ್ನೆಯಂತೆಯೇ ಇರುತ್ತದೆ.

ಕಮ್ಮಾರನು ಹಳಿ ಏರಿಸುವುದನ್ನು ನೋಡಿದವರಿಗೆ ಇದರ ಗುಟ್ಟು ಬೇಗ ತಿಳಿದೀತು. ಹಳಿಯನ್ನು ಗಾಲಿಗಿಂತ ತುಸು ಕಿರಿದಾಗಿಯೇ ಮಾಡಿ, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಸುತ್ತಾರೆ. ನಾಲ್ಕು ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 150 ಅಂಗುಲ. 500 ಸೆಂಟಿಗ್ರೇಡಿನಷ್ಟು ಕಾವು ಏರಿದರೆ ಅಷ್ಟು ಉದ್ದದ ಕಬ್ಬಿಣ ಮುಕ್ಕಾಲು ಅಂಗುಲದ ಮೇಲೆಯೇ ಹಿಗ್ಗುತ್ತದೆ. ಆಗ ಗಾಲಿಗೆ ತೊಡಿಸಿ ನೀರು ಸುರಿದರೆ ಹಳಿ ಸೆಟೆದು, ಸುತ್ತಿನ ಮರ, ಅರ, ಗುಂಬ ಮೂರನ್ನೂ ಒಂದಾಗಿ ಹಿಡಿಯುತ್ತದೆ. ಇಡೀ ಗಾಲಿಯ ಬಲ ಈ ಒಂದು ಅಂಗುಲದೊಳಗಿನ ಬಿಗಿತದಲ್ಲಿದೆ. ಬೇಸಗೆಯ ಬಿಸಿಲು ಅದನ್ನೇ ಕದಿಯುವುದು.

ಸಡಿಲಾದ ಗಾಲಿಯನ್ನು ಕೆರೆಯಲ್ಲಿ ನೆನೆಹಾಕಿ ಬಿಗಿ ಮಾಡುವ ಹಳೆಯ ಉಪಾಯವೊಂದುಂಟು. ಹೊಲದಿಂದ ಮನೆ ಮುಟ್ಟಲು ಅದು ಸಾಕು, ಧಾರವಾಡ ದಾಟಿ ಗುಡ್ಡಕ್ಕೆ ಹೋಗಲು ಸಾಲದು. ನೆನೆದ ಮರ ಉಬ್ಬುವಾಗ ಕಬ್ಬಿಣ ಜಗ್ಗದು. ಮರದ ಎಳೆಗಳೇ ನಲುಗುತ್ತವೆ. ಅದು ಮತ್ತೆ ಒಣಗಿದಾಗ ಮೊದಲಿಗಿಂತಲೂ ಕಿರಿದಾಗುತ್ತದೆ. ಎತ್ತಿನ ಹೆಜ್ಜೆಗೆ ಗುಡ್ಡ ಒಂದು ದಿನದ ದಾರಿಯಲ್ಲ. ಎರಡನೆಯ ದಿನದ ಬಿಸಿಲಿನಲ್ಲಿ, ಮಕ್ಕಳು ಒಳಗೆ ನಿದ್ದೆಯಲ್ಲಿರುವಾಗ, ಹಳಿ ಕಳಚಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನಿಲ್ಲಿಸುವಾಗಲೇ ಎಚ್ಚರ ಬೇಕು. ಅಚ್ಚಿನ ಕೆಳಗೆ ಎರಡೂ ಬದಿಗೆ ಚಪ್ಪಟೆ ಕಲ್ಲುಗಳನ್ನು ಪೇರಿಸಿ, ಗಾಲಿಗಳು ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಮಾಡಬೇಕು. ನೆಲಕ್ಕೆ ತಾಗಿದ ಮರ ಕೆಳಗಿನಿಂದ ತೇವ ಹೀರಿ, ಆ ಒಂದು ಕಡೆಯಲ್ಲೇ ಕೊಳೆಯುತ್ತದೆ. ಗೆದ್ದಲಿನ ಹಾದಿಯೂ ಅದೇ. ನಡುವೆ ಕಲ್ಲಿದ್ದರೆ ಗೆದ್ದಲು ಬಾರದೆಂದಲ್ಲ; ಕಲ್ಲಿನ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಏರಬೇಕಾಗುವುದರಿಂದ ಅದು ಕಣ್ಣಿಗೆ ಬೀಳುತ್ತದೆ, ಕಡ್ಡಿಯಿಂದ ಕೆಡವಬಹುದು. ಹದಿನೈದು ದಿನಕ್ಕೊಮ್ಮೆ ಗಾಲಿಯನ್ನು ಕಾಲು ಸುತ್ತು ತಿರುಗಿಸಿದರೆ ಬಿಸಿಲು ಒಂದೇ ಕಡೆಗೆ ಬೀಳುವುದಿಲ್ಲ.

ಮರಕ್ಕೆ ಅಗಸೆ ಎಣ್ಣೆ ಒಳ್ಳೆಯದು. ಅದು ಗಾಳಿಯೊಡನೆ ಕೂಡಿ ಗಟ್ಟಿಯಾಗುವ ಎಣ್ಣೆ. ಹೊಂಗೆಯ ಎಣ್ಣೆ ಹಾಗೆ ಒಣಗದೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮೈಗಿಂತ ಹೆಚ್ಚಾಗಿ ಮರದ ಕೊಯ್ದ ತುದಿಗಳಿಗೆ ಸವರಬೇಕು, ಏಕೆಂದರೆ ನೀರು ಕುಡಿಯುವ ಬಾಯಿ ಅವೇ. ಅಚ್ಚಿನ ಹಳೆಯ ಕೀಲೆಣ್ಣೆಯಲ್ಲಿ ದಾರಿಯ ಮರಳೆಲ್ಲ ಕೂಡಿರುತ್ತದೆ. ಅದನ್ನು ಒರೆಸಿ ಹೊಸದನ್ನು ಹಚ್ಚಿಯೇ ಬಂಡಿಯನ್ನು ನಿಲ್ಲಿಸತಕ್ಕದ್ದು.

ಮುಚ್ಚುವ ವಿಷಯದಲ್ಲಿ ಅತಿಯಾದ ಅಕ್ಕರೆ ಹಾನಿಕರ. ತಾಡಪತ್ರಿಯನ್ನು ನೆಲಕ್ಕೆ ಮುಟ್ಟುವಂತೆ ಸುತ್ತಿ ಕಟ್ಟಿದರೆ ನೆಲದ ಆವಿ ಒಳಗೇ ಸಿಕ್ಕಿ ಬೂಷ್ಟು ಹಿಡಿಯುತ್ತದೆ. ಬಂಡಿಗೆ ಬೇಕಾದುದು ಕೊಡೆ, ಚೀಲವಲ್ಲ. ಮೇಲೆ ಮಾಡು, ಬದಿಗೆ ಗಾಳಿ. ಹುಲ್ಲು, ಕೌದಿ, ಕಾಳಿನ ಚೀಲ ಒಳಗೆ ಉಳಿದರೆ ಇಲಿ ಬರುತ್ತದೆ, ಇಲಿಯ ಬೆನ್ನಿಗೆ ಹಾವು. ಮಳೆಗಾಲದಲ್ಲಿ ಒಳಗೆ ಕೈ ಹಾಕುವವರು ಇದನ್ನು ನೆನಪಿಡಬೇಕು.

ಈಗ ಬಹಳ ಮನೆಗಳಲ್ಲಿ ಎತ್ತಿನ ಬಂಡಿಯ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ. ಕಲ್ಲಿನ ಮೇಲೆ ಎತ್ತಿ ನಿಲ್ಲಿಸುವ ಮಾತು ಅದಕ್ಕೂ ಸಲ್ಲುತ್ತದೆ. ಭಾರ ಹೊತ್ತು ತಿಂಗಳುಗಟ್ಟಲೆ ನಿಂತ ರಬ್ಬರು ಚಕ್ರ ನಿಂತ ಕಡೆಯಲ್ಲಿ ತಗ್ಗಾಗುತ್ತದೆ. ಬಿಸಿಲಿಗೆ ಬದಿಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಹಲವು ಟಾಯರುಗಳ ಬದಿಯಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಅದರ ಜಾತಕವಿದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು. ಅಚ್ಚು ಸವೆಯದಿದ್ದರೂ ವಯಸ್ಸು ಆಗಿಯೇ ಆಗುತ್ತದೆ. ಇದರ ಜೊತೆಗೆ ಇನ್ನೊಂದು ಅಪ್ರಿಯ ಮಾತು: ಕಾನೂನಿನ ಕಣ್ಣಿಗೆ ಟ್ರೇಲರು ಸರಕಿನ ಗಾಡಿ. ಅದರಲ್ಲಿ ಜನರನ್ನು ಕೂಡಿಸಿ ಜಾತ್ರೆಗೆ ಒಯ್ಯಲು ಅನುಮತಿ ಇಲ್ಲ. ಅವಘಡವಾದರೆ ವಿಮೆಯ ಪರಿಹಾರ ದೊರೆಯುವುದೂ ಕಷ್ಟ. ಬುತ್ತಿ ಬಿಡಾರ ಟ್ರೇಲರಿನಲ್ಲಿ, ಜನ ಬಸ್ಸಿನಲ್ಲಿ ಎಂಬ ಏರ್ಪಾಡೇ ಲೇಸು.

ನಿಂತ ಗಾಡಿಯೆಂದರೆ ಓಣಿಯ ಮಕ್ಕಳಿಗೆ ಜೋಕಾಲಿ. ಒಬ್ಬನು ಹಿಂದಿನ ತುದಿಗೆ ಹತ್ತಿದರೆ ಮೂಕಿ ಮೇಲೇಳುತ್ತದೆ, ಅವನು ಜಿಗಿದರೆ ದಪ್ಪನೆ ಕೆಳಗೆ ಬೀಳುತ್ತದೆ. ಅದರಡಿಗೆ ಇನ್ನೊಂದು ಮಗು ಇರಬಹುದು. ಮೂಕಿಗೆ ಊರುಗೋಲು ಕೊಟ್ಟು ಬಿಗಿಯಾಗಿ ಕಟ್ಟಿ, ಹಿಂಬದಿಗೂ ಒಂದು ಆಸರೆ ನಿಲ್ಲಿಸಿ, ಗಾಲಿಗಳ ಹಿಂದೆ ಮುಂದೆ ಕಲ್ಲು ಒಡ್ಡುವುದು ಬಂಡಿಯ ಸಲುವಾಗಿ ಅಲ್ಲ, ಮಕ್ಕಳ ಸಲುವಾಗಿ.

ಪೇಟೆಯಲ್ಲಿದ್ದವರು ಇವೆಲ್ಲವನ್ನೂ ಹದಿನೈದು ದಿನಕ್ಕೊಮ್ಮೆ ಬಂದು ಮಾಡುವುದು ಆಗದ ಮಾತು. ಊರಿನಲ್ಲಿ ಒಬ್ಬರಿಗೆ, ಒಬ್ಬರಿಗೇ, ಇದನ್ನು ಒಪ್ಪಿಸಿ, ಸುಗ್ಗಿಯಲ್ಲಿ ಇಷ್ಟು ಕಾಳೆಂದು ಮೊದಲೇ ಮಾತಾಡಿಕೊಂಡರೆ ಕೆಲಸ ನಡೆಯುತ್ತದೆ. ದೀಪಾವಳಿಗೆ ಮನೆಯವರೆಲ್ಲ ಕೂಡಿದಾಗ ಗಾಲಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಬಿಗಿಯಾದ ಅರ ಠಣ್ ಎನ್ನುತ್ತದೆ, ಸಡಿಲಾದುದು ಬೊದ್ದು ದನಿ ಕೊಡುತ್ತದೆ. ಅನುಮಾನ ಬಂದರೆ ಅಂದೇ ಬಡಿಗೇರರಿಗೂ ಕಮ್ಮಾರರಿಗೂ ಹೇಳಿಡುವುದು ಒಳಿತು. ಹುಣ್ಣಿಮೆಯ ಹಿಂದಿನ ವಾರದಲ್ಲಿ ಅವರ ಕುಲುಮೆಯ ಮುಂದೆ ಊರಿನ ಗಾಲಿಗಳೆಲ್ಲ ಸಾಲು ಹಿಡಿದಿರುತ್ತವೆ.